ಗಡಿಪಾರು ಬೇರೆ, ಹಸ್ತಾಂತರ ಬೇರೆ: ಭಯೋತ್ಪಾದನೆ ಕೇಸಿನಲ್ಲಿ ‘ರಾಜಕೀಯ ಅಪರಾಧ’ದ ವಾದ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಚುನಾವಣೆ ಹತ್ತಿರ ಬಂದಾಗ ಬಳ್ಳಾರಿ, ರಾಯಚೂರು, ಕೊಪ್ಪಳದ ಪೇಪರುಗಳಲ್ಲಿ ‘ಇಷ್ಟು ಮಂದಿ ರೌಡಿಗಳು ಗಡಿಪಾರು’ ಅಂತ ಸುದ್ದಿ ಬರುತ್ತದೆ. 2025ರ ಏಪ್ರಿಲ್ 10ರಂದು ಮುಂಬೈ ದಾಳಿ ಪ್ರಕರಣದ ಆರೋಪಿ ತಹವ್ವುರ್ ರಾಣಾನನ್ನು ಅಮೆರಿಕದಿಂದ ದೆಹಲಿಗೆ ತಂದಾಗಲೂ ‘ಗಡಿಪಾರು’ ಅಂತ ಬರೆದವರಿದ್ದರು. ಪದ ಒಂದೇ ಆದರೂ ಕಾನೂನು ಒಂದಲ್ಲ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಒಬ್ಬನನ್ನು ಜಿಲ್ಲೆಯ ಹೊರಗೆ ಇರು ಎಂದು ಕಳಿಸುವುದು ಗಡಿಪಾರು. ವಿದೇಶೀಯನೊಬ್ಬ ನಮ್ಮಲ್ಲಿ ಇರುವುದು ಬೇಡವೆಂದು ಸರ್ಕಾರ ಹೊರಹಾಕುವುದು ದೇಶದಿಂದ ಉಚ್ಚಾಟನೆ. ಇನ್ನೊಂದು ದೇಶ ‘ಇಂಥ ಅಪರಾಧಕ್ಕೆ ಇವನು ನಮಗೆ ಬೇಕು’ ಎಂದು ಕಾಗದಪತ್ರ ಸಮೇತ ಕೇಳಿ, ಅದನ್ನು ಕೋರ್ಟು ಪರಿಶೀಲಿಸಿ, ಸರ್ಕಾರ ಒಪ್ಪಿಸುವುದು ಹಸ್ತಾಂತರ. ಉಚ್ಚಾಟನೆ ಮತ್ತು ಹಸ್ತಾಂತರ ಬೇರೆ ಬೇರೆ ಅಧಿಕಾರಗಳೆಂದು ಸುಪ್ರೀಂ ಕೋರ್ಟ್ 1955ರಲ್ಲೇ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ ಹೇಳಿದೆ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ‘ಇದು ರಾಜಕೀಯ ಅಪರಾಧ, ನನ್ನನ್ನು ಒಪ್ಪಿಸಬೇಡಿ’ ಎಂಬ ವಾದ ಹಸ್ತಾಂತರದ ಕಾನೂನಿನಲ್ಲಿ ಹುಟ್ಟಿ ಅಲ್ಲೇ ಬೆಳೆದದ್ದು. ಅಲ್ಲಿ ಗೆದ್ದವನೂ ಉಚ್ಚಾಟನೆಯ ದಾರಿಯಲ್ಲಿ ಸೋಲಬಹುದು. ಬ್ರಿಟಿಷ್ ಸೇನಾಧಿಕಾರಿಯ ಕೊಲೆ ಪ್ರಕರಣದಲ್ಲಿ ಬೇಕಾಗಿದ್ದ, ಉತ್ತರ ಐರ್ಲೆಂಡನ್ನು ಬ್ರಿಟನ್ನಿನಿಂದ ಬಿಡಿಸಲು ಹೋರಾಡಿದ ಸಶಸ್ತ್ರ ಸಂಘಟನೆ ಐಆರ್‌ಎಯ ಜೋಸೆಫ್ ಡೋಹರ್ಟಿಯನ್ನು ಹಸ್ತಾಂತರಿಸಲು 1984ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ಒಪ್ಪಲಿಲ್ಲ, ಅದು ರಾಜಕೀಯ ಅಪರಾಧ ಎಂದರು. ಆದರೆ 1992ರಲ್ಲಿ ಅಮೆರಿಕ ಅವನನ್ನು ಉಚ್ಚಾಟನೆಯ ಹೆಸರಿನಲ್ಲಿ ಬ್ರಿಟನ್ನಿಗೇ ಕಳಿಸಿತು.

ಈ ವಿನಾಯಿತಿ ಯಾಕೆ ಬಂತು ಎನ್ನುವುದನ್ನು ನಮ್ಮ ಭಾಗದವರಿಗೆ ತಿಳಿಸಲು ಯುರೋಪಿನಿಂದ ಶುರುಮಾಡಬೇಕಿಲ್ಲ. 1947–48ರಲ್ಲಿ ಕೊಪ್ಪಳ, ರಾಯಚೂರು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ತುಂಗಭದ್ರೆಯ ಈಚೆ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, ಪಶ್ಚಿಮಕ್ಕೆ ಮುಂಡರಗಿ, ಗಜೇಂದ್ರಗಡ ಬೊಂಬಾಯಿ ಪ್ರಾಂತದಲ್ಲಿದ್ದವು. ನಿಜಾಮನ ವಿರುದ್ಧ ಹೋರಾಡಲು ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ ಶಿಬಿರ ಕಟ್ಟಿದರು. ಆ ಶಿಬಿರಗಳ ಹುಡುಗರು ಗಡಿ ದಾಟಿ ಹೋಗಿ ನಿಜಾಮನ ನಾಕೆಗಳ (ಗಡಿ ಚೌಕಿಗಳ) ಮೇಲೆ, ಠಾಣೆಗಳ ಮೇಲೆ ಬಿದ್ದು ವಾಪಸು ಬರುತ್ತಿದ್ದರು. ನಿಜಾಮನ ದಫ್ತರದಲ್ಲಿ ಅದನ್ನು ದರೋಡೆ, ಬೆಂಕಿ ಹಚ್ಚುವುದು, ಕೊಲೆ ಯತ್ನ ಎಂದು ಬರೆದುಕೊಳ್ಳಬಹುದಿತ್ತು, ಕಲಮುಗಳೂ ಸರಿಯಾಗಿ ಕೂಡುತ್ತಿದ್ದವು. ಆದರೆ ಆ ಹುಡುಗರನ್ನು ಕೈಕಟ್ಟಿ ನಿಜಾಮನ ಪೊಲೀಸರಿಗೆ ಒಪ್ಪಿಸಬೇಕೆಂದರೆ ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಆ ಒಪ್ಪದಿರುವಿಕೆಯನ್ನು ಕಾನೂನಿನ ಭಾಷೆಗೆ ಇಳಿಸಿದರೆ ಅದೇ ರಾಜಕೀಯ ಅಪರಾಧದ ವಿನಾಯಿತಿ. ಬೆಲ್ಜಿಯಂ 1833ರಲ್ಲೇ ಇದನ್ನು ಕಾಯ್ದೆಯಲ್ಲಿ ಬರೆದಿತ್ತು.

ಇಲ್ಲಿ ಎರಡು ಜಾತಿಯ ಅಪರಾಧಗಳನ್ನು ಬೇರ್ಪಡಿಸಬೇಕು. ರಾಜದ್ರೋಹ, ಪ್ರಭುತ್ವದ ವಿರುದ್ಧ ಭಾಷಣ, ಬೇಹುಗಾರಿಕೆ ಇವು ಶುದ್ಧ ರಾಜಕೀಯ ಅಪರಾಧಗಳು. ನೋವಾದದ್ದು ಪ್ರಭುತ್ವಕ್ಕೆ ಮಾತ್ರ, ಹೀಗಾಗಿ ಇವುಗಳಿಗೆ ಹಸ್ತಾಂತರ ಹೆಚ್ಚುಕಡಿಮೆ ಎಲ್ಲೂ ಇಲ್ಲ. ಎರಡನೆಯದು ಬೆರಕೆ ಅಪರಾಧ: ಕೊಲೆ, ಸ್ಫೋಟ, ಅಪಹರಣ ನಡೆದಿದೆ, ಆದರೆ ಉದ್ದೇಶ ರಾಜಕೀಯ. ಭಯೋತ್ಪಾದನೆಯ ಕೇಸುಗಳ ಜಗಳವೆಲ್ಲ ಈ ಎರಡನೆಯದರಲ್ಲೇ.

ಇಂಗ್ಲೆಂಡಿನ ಕೋರ್ಟುಗಳು ಹಾಕಿಕೊಟ್ಟ ಅಳತೆಗೋಲು 1891ರ ಕಾಸ್ಟಿಯೋನಿ ಪ್ರಕರಣದ್ದು. ಸ್ವಿಟ್ಜರ್ಲೆಂಡಿನ ತಿಚಿನೋ ಪ್ರಾಂತದಲ್ಲಿ ಜನ ದಂಗೆ ಎದ್ದು ಸರ್ಕಾರಿ ಕಟ್ಟಡಕ್ಕೆ ನುಗ್ಗಿದಾಗ ಅಲ್ಲಿನ ಸರ್ಕಾರದ ಸದಸ್ಯನೊಬ್ಬ ಗುಂಡೇಟಿಗೆ ಸತ್ತ. ಗುಂಡು ಹಾರಿಸಿದವನನ್ನು ಒಪ್ಪಿಸಲು ಇಂಗ್ಲೆಂಡ್ ಒಪ್ಪಲಿಲ್ಲ. ಕೃತ್ಯ ರಾಜಕೀಯ ದಂಗೆಯ ಭಾಗವಾಗಿ, ಅದರ ನಡುವೆಯೇ ನಡೆದಿರಬೇಕು ಎಂಬುದು ಆ ಅಳತೆ. ಮೂರು ವರ್ಷ ಬಿಟ್ಟು 1894ರಲ್ಲಿ ಮ್ಯೂನಿಯೆ ಎಂಬ ಫ್ರೆಂಚ್ ಅರಾಜಕತಾವಾದಿ ಬಂದ. ಪ್ಯಾರಿಸ್ಸಿನ ಒಂದು ಕೆಫೆಗೂ ಸೈನಿಕರ ಬ್ಯಾರಕ್ಕಿಗೂ ಬಾಂಬಿಟ್ಟ ಆರೋಪ ಅವನ ಮೇಲಿತ್ತು. ತಮ್ಮ ತಮ್ಮ ಸರ್ಕಾರ ಕೂರಿಸಲು ಎರಡು ಪಕ್ಷಗಳು ಹೋರಾಡುತ್ತಿರಬೇಕು, ಇವನದು ಎಲ್ಲ ಸರ್ಕಾರಗಳ ಮೇಲೂ ಹಗೆ, ಮುಖ್ಯವಾಗಿ ನಾಗರಿಕರ ಮೇಲೆ ಎಂದು ಕೋರ್ಟು ಅವನನ್ನು ಒಪ್ಪಿಸಿತು. ನಾಕೆಯ ಮೇಲೆ ಬಿದ್ದ ಮುಂಡರಗಿಯ ಹುಡುಗ ಮೊದಲ ಅಳತೆಯಲ್ಲಿ ಉಳಿಯುತ್ತಾನೆ. ಸಂತೆಯಲ್ಲಿ ಬಾಂಬಿಟ್ಟವನು ಎರಡನೆಯದರಲ್ಲಿ ಬೀಳುತ್ತಾನೆ. ಇವತ್ತಿಗೂ ಈ ವಿಷಯದ ಬೆನ್ನೆಲುಬು ಇದೇ ಎಂಬುದು ನನ್ನ ತಿಳಿವಳಿಕೆ. ಗುರಿ ಯಾರು, ಸಾಧನ ಯಾವುದು ಎನ್ನುವುದರ ಮೇಲೆ ನಿರ್ಧಾರ ನಿಲ್ಲುತ್ತದೆ, ಮನಸ್ಸಿನಲ್ಲಿ ಯಾವ ಸಿದ್ಧಾಂತ ಇತ್ತು ಎನ್ನುವುದರ ಮೇಲಲ್ಲ. 1979ರಲ್ಲಿ ಇಸ್ರೇಲಿನ ತಿಬೇರಿಯಸ್ ಪೇಟೆಯಲ್ಲಿ ಬಾಂಬ್ ಸಿಡಿದು ಇಬ್ಬರು ಹುಡುಗರು ಸತ್ತ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 1981ರಲ್ಲಿ ವಿನಾಯಿತಿ ನಿರಾಕರಿಸಿದ್ದು ಇದೇ ತರ್ಕದಿಂದ. ಅಲ್ಜೀರ್ಸ್ ವಿಮಾನ ನಿಲ್ದಾಣದ ಬಾಂಬಿನ ಸಂಬಂಧ ಆಶ್ರಯ ಕೇಳಿದವನ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1996ರಲ್ಲಿ ಹೇಳಿದ್ದೂ ಇದನ್ನೇ: ಗುರಿ ಸರ್ಕಾರಿಯೋ ನಾಗರಿಕವೋ, ಸಿಕ್ಕಸಿಕ್ಕವರು ಸಾಯುವಂಥ ಸಾಧನ ಬಳಸಿದ್ದಾನೋ ನೋಡಬೇಕು.

ಕೋರ್ಟುಗಳು ಹೀಗೆ ಒಂದೊಂದೇ ಕೇಸಿನಲ್ಲಿ ಅಳೆಯುತ್ತಿದ್ದಾಗ ಸರ್ಕಾರಗಳು ಒಪ್ಪಂದಗಳ ಮೂಲಕ ವಿನಾಯಿತಿಯನ್ನೇ ಕಿರಿದು ಮಾಡುತ್ತ ಬಂದವು. ರಾಷ್ಟ್ರದ ಮುಖ್ಯಸ್ಥನ ಕೊಲೆ ರಾಜಕೀಯವಲ್ಲ ಎಂದು ಬೆಲ್ಜಿಯಂ 1856ರಲ್ಲಿ ಬರೆಯಿತು. ಭಯೋತ್ಪಾದನೆ ನಿಗ್ರಹಕ್ಕೆಂದು 1977ರಲ್ಲಿ ಯುರೋಪಿನ ಒಪ್ಪಂದ, 1987ರಲ್ಲಿ ಕಠ್ಮಂಡುವಿನಲ್ಲಿ ನಮ್ಮ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಒಪ್ಪಂದ ಬಂದವು. 1997ರ ವಿಶ್ವಸಂಸ್ಥೆಯ ಬಾಂಬ್ ಸ್ಫೋಟ ನಿಗ್ರಹ ಒಪ್ಪಂದದ 11ನೇ ವಿಧಿ, ಬಾಂಬ್ ಸ್ಫೋಟವನ್ನು ರಾಜಕೀಯ ಅಪರಾಧವೆಂದು ನೋಡಕೂಡದು ಎಂದು ನೇರವಾಗಿ ಹೇಳಿತು. 2001ರ ಸೆಪ್ಟೆಂಬರ್ 28ರ ಭದ್ರತಾ ಮಂಡಳಿಯ 1373ನೇ ನಿರ್ಣಯ, ಭಯೋತ್ಪಾದಕನೆಂದು ಆರೋಪಿತನಾದವನ ಹಸ್ತಾಂತರವನ್ನು ರಾಜಕೀಯ ಉದ್ದೇಶದ ನೆಪದಲ್ಲಿ ನಿರಾಕರಿಸಬೇಡಿ ಎಂದು ಎಲ್ಲ ದೇಶಗಳಿಗೂ ಸೂಚಿಸಿತು.

ನಮ್ಮ ಹಸ್ತಾಂತರ ಕಾಯ್ದೆ 1962ರದು. 31ನೇ ಕಲಂ ಓದುವಾಗ ಬಹಳ ಮಂದಿ ಒಂದು ಕಡೆ ಎಡವುತ್ತಾರೆ. 31(1)(ಎ)ಯಲ್ಲಿ ಒಂದಲ್ಲ, ಎರಡು ಕದಗಳಿವೆ. ಮೊದಲನೆಯದು, ಕೇಳಿದ ಅಪರಾಧವೇ ರಾಜಕೀಯ ಸ್ವರೂಪದ್ದಾಗಿದ್ದರೆ ಒಪ್ಪಿಸುವಂತಿಲ್ಲ. ಎರಡನೆಯದು, ಕಾಗದದ ಮೇಲೆ ಕೊಲೆ ಅಂತಲೋ ವಂಚನೆ ಅಂತಲೋ ಇದ್ದರೂ, ನಿಜವಾಗಿ ಕೇಳುತ್ತಿರುವುದು ರಾಜಕೀಯ ಅಪರಾಧಕ್ಕೆ ಶಿಕ್ಷಿಸಲಿಕ್ಕೆ ಎಂದು ಆರೋಪಿ ಸಾಬೀತು ಮಾಡಿದರೂ ಒಪ್ಪಿಸುವಂತಿಲ್ಲ. 1993ರ ತಿದ್ದುಪಡಿ 31(2)ನ್ನೂ ಹೊಸ ಅನುಸೂಚಿಯನ್ನೂ ಸೇರಿಸಿತು. ವಿಮಾನ ಅಪಹರಣ, ಒತ್ತೆಯಾಳು, ಕೊಲೆ, ಸ್ಫೋಟಕ ವಸ್ತುಗಳ ಅಪರಾಧ, ಜೀವಕ್ಕೆ ಅಪಾಯ ತರುವ ಉದ್ದೇಶದಿಂದ ಬಂದೂಕು ಇಟ್ಟುಕೊಳ್ಳುವುದು, ಅಪಹರಣ, ಭಯೋತ್ಪಾದನಾ ಕೃತ್ಯ, ಇವುಗಳ ಸಂಚು ಮತ್ತು ಕುಮ್ಮಕ್ಕು ಇವೆಲ್ಲ ಅನುಸೂಚಿಯಲ್ಲಿವೆ, ಅಂದರೆ ರಾಜಕೀಯವಲ್ಲ. ಆದರೆ ಈ ತಿದ್ದುಪಡಿ ಮುಚ್ಚಿದ್ದು ಮೊದಲ ಕದವನ್ನು. ದುರುದ್ದೇಶದ ಕದ ತೆರೆದೇ ಇದೆ. 29ನೇ ಕಲಮಿನಡಿ ಕೇಂದ್ರ ಸರ್ಕಾರವೂ ಕೋರಿಕೆ ಸದುದ್ದೇಶದ್ದಲ್ಲ ಅಥವಾ ರಾಜಕೀಯ ಕಾರಣದ್ದು ಎಂದು ಕಂಡರೆ ಆರೋಪಿಯನ್ನು ಬಿಡಬಹುದು.

ಭಯೋತ್ಪಾದನೆಯ ಆರೋಪವಿದ್ದರೆ ಈ ಎರಡನೆಯ ಕದವನ್ನೂ ತೆಗೆದುಹಾಕಬೇಕು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಂಬ್ ಒಪ್ಪಂದವೇ 11ನೇ ವಿಧಿಯಲ್ಲಿ ವಿನಾಯಿತಿ ಕಿತ್ತುಕೊಂಡು, 12ನೇ ವಿಧಿಯಲ್ಲಿ ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಶಿಕ್ಷಿಸಲು ಕೇಳಿದ್ದಾರೆಂದು ಕಂಡರೆ ಒಪ್ಪಿಸಬೇಕಿಲ್ಲ ಎಂದು ಹೇಳುತ್ತದೆ. ‘ಭಯೋತ್ಪಾದಕ’ ಎಂಬ ಪದವನ್ನು ಯಾವ ಸರ್ಕಾರ ಬೇಕಾದರೂ ಯಾರ ಮೇಲಾದರೂ ಬರೆಯಬಹುದು. ಶಿಬಿರದ ಹುಡುಗರ ಮೇಲೆ ನಿಜಾಮನ ಸರ್ಕಾರ ಬರೆಯಬಹುದಾಗಿದ್ದ ಪದವೂ ಅದೇ.

ಇನ್ನು ಬೇರೆ ದೇಶದಲ್ಲಿರುವವನನ್ನು ನಾವು ಕೇಳುವಾಗಿನ ಕೆಲಸ. ಬಳ್ಳಾರಿ ಅಥವಾ ರಾಯಚೂರಿನ ಕೋರ್ಟಿನ ಕೇಸಿನಲ್ಲಿ ಆರೋಪಿ ವಿದೇಶದಲ್ಲಿದ್ದಾನೆ ಎಂದುಕೊಳ್ಳಿ. ಇಂಟರ್‌ಪೋಲ್ ರೆಡ್ ನೋಟಿಸ್ ಬಂದರೆ ಅರ್ಧ ಕೆಲಸ ಆಯಿತು ಎನ್ನುವ ನಂಬಿಕೆ ಠಾಣೆಗಳಲ್ಲಿ ಗಟ್ಟಿಯಾಗಿದೆ. ಅದು ಹುಡುಕುವ ಸೂಚನೆ ಮಾತ್ರ, ನಮ್ಮ ದೇಶದಲ್ಲಿ ಅದೊಂದರ ಬಲದ ಮೇಲೆ ಬಂಧಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2009ರ ಭವೇಶ್ ಲಖಾನಿ ತೀರ್ಪಿನಲ್ಲಿ ಸ್ಪಷ್ಟಪಡಿಸಿದೆ. ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ ರಾಜಕೀಯ, ಸೈನಿಕ, ಧಾರ್ಮಿಕ, ಜನಾಂಗೀಯ ಸ್ವರೂಪದ ಕೆಲಸಕ್ಕೆ ಕೈಹಾಕಬಾರದು ಎನ್ನುತ್ತದೆ. ಹಾಗಾಗಿ ಸಿಬಿಐ ಮೂಲಕ ಹೋಗುವ ಕೋರಿಕೆಯಲ್ಲಿ ಭಾಷಣ, ಸಂಘಟನೆ, ಘೋಷಣೆಗಳ ವಿವರವೇ ತುಂಬಿ, ಸ್ಫೋಟದಲ್ಲಿ ಆರೋಪಿಯ ಕೈ ಏನಿತ್ತು ಎಂಬುದು ಎರಡೇ ಸಾಲಿನಲ್ಲಿದ್ದರೆ ನೋಟಿಸು ಬರುವುದೇ ಕಷ್ಟ.

ಹಸ್ತಾಂತರದ ಕೋರಿಕೆ ಹೋಗುವುದು ತನಿಖಾ ಸಂಸ್ಥೆಯಿಂದ ರಾಜ್ಯದ ಗೃಹ ಇಲಾಖೆಗೆ, ಅಲ್ಲಿಂದ ದೆಹಲಿಯ ವಿದೇಶಾಂಗ ಸಚಿವಾಲಯಕ್ಕೆ, ಅಲ್ಲಿಂದ ನಮ್ಮ ರಾಯಭಾರ ಕಚೇರಿಯ ಮೂಲಕ. ಕಡತದ ಜೀವ ಇರುವುದು ತನಿಖಾಧಿಕಾರಿ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿದ ಅಫಿಡವಿಟ್ಟಿನಲ್ಲಿ. ಅದಷ್ಟನ್ನೇ ಓದಿದವನಿಗೆ ಕೇಸು ಪೂರ್ತಿ ಅರ್ಥವಾಗಬೇಕು: ಏನಾಯಿತು, ಈ ಆರೋಪಿ ಮಾಡಿದ್ದೇನು, ಯಾವ ಸಾಕ್ಷಿ ಅದನ್ನು ಹೇಳುತ್ತದೆ, ಯಾವ ಕಲಂ, ಎಷ್ಟು ಶಿಕ್ಷೆ. ಜೊತೆಗೆ ನ್ಯಾಯಾಧೀಶರು ದೃಢೀಕರಿಸಿದ ಎಫ್‌ಐಆರ್ ಮತ್ತು ಚಾರ್ಜ್‌ಶೀಟ್ ಪ್ರತಿ, ಕೋರ್ಟು ಕೇಸನ್ನು ವಿಚಾರಣೆಗೆ ಪರಿಗಣಿಸಿದ (ಕಾಗ್ನಿಜೆನ್ಸ್) ಆದೇಶ, ವಾಪಸು ಒಪ್ಪಿಸುವ ತಾರೀಖು ಹಾಕದ ಮೂಲ ವಾರಂಟು, ಕಾನೂನಿನ ಪಠ್ಯ, ಫೋಟೊ, ಬೆರಳಚ್ಚು ಇರಬೇಕು. ವಾರಂಟಿನಲ್ಲಿ ಕೋರ್ಟು ಹಾಗೆ ಪರಿಗಣಿಸಿದ ಕಲಮುಗಳಷ್ಟೇ ಇರಬೇಕು. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಅಲ್ಲಿನ ವಕೀಲ ಅದನ್ನೇ ಹಿಡಿದು ಜಗ್ಗುತ್ತಾನೆ.

ಅನುವಾದ ನಮ್ಮ ಜಿಲ್ಲೆಗಳ ದೊಡ್ಡ ತೊಡಕು. ಮಹಜರಿನಲ್ಲಿ ‘ಮದ್ದು’ ಅಂತ ಬರೆದಿರುತ್ತಾರೆ. ಓದಿದವರಿಗೆ ಸಿಡಿಮದ್ದು ಅಂತ ಗೊತ್ತು, ಆದರೆ ನಿಘಂಟು ಹಿಡಿದು ಕೂತ ಅನುವಾದಕನಿಗೆ ಅದು ಔಷಧ. ಕಲ್ಲುಗಣಿಯ ಜಿಲೆಟಿನ್ ಕಡ್ಡಿಗೆ ಒಬ್ಬರು ‘ಕಡ್ಡಿ’ ಅಂತಲೂ ಡಿಟೋನೇಟರಿಗೆ ‘ಕೇಪು’ ಅಂತಲೂ ಬರೆದು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿಯಲ್ಲಿ ರಾಸಾಯನಿಕದ ಹೆಸರು ಬಂದರೆ, ವಿದೇಶಿ ನ್ಯಾಯಾಧೀಶರಿಗೆ ಯಾವ ಹೆಸರು ಯಾವ ವಸ್ತುವಿನದು ಎಂದು ಗೊತ್ತಾಗುವುದಿಲ್ಲ. ಮಹಜರಿನಲ್ಲೇ ಎಷ್ಟು ಕಡ್ಡಿ, ಎಷ್ಟು ತೂಕ, ಲೇಬಲಿನಲ್ಲಿ ಏನಿತ್ತು, ಯಾವ ಮೊಹರಿನ ಪೊಟ್ಟಣ ಎಂದು ಬರೆದು, ಅದೇ ಸಂಖ್ಯೆ ಎಫ್‌ಎಸ್‌ಎಲ್ ವರದಿಯಲ್ಲೂ ಅಫಿಡವಿಟ್ಟಿನಲ್ಲೂ ಬರುವಂತೆ ನೋಡಿಕೊಳ್ಳಬೇಕು. ಸ್ಫೋಟಕ ವಸ್ತುಗಳ ಕಾಯ್ದೆಯ 7ನೇ ಕಲಮಿನಡಿ ಜಿಲ್ಲಾ ಮ್ಯಾಜಿಸ್ಟ್ರೇಟರ ಸಮ್ಮತಿಯಿಲ್ಲದೆ ವಿಚಾರಣೆ ಮುಂದೆ ಹೋಗುವಂತಿಲ್ಲ, ಯುಎಪಿಎಗೆ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) 45ನೇ ಕಲಮಿನ ಮಂಜೂರಾತಿ ಬೇಕು. ಆ ಎರಡು ಪತ್ರಗಳೂ ಕಡತದಲ್ಲಿರಲಿ.

ಹೆಸರಿನದು ಇನ್ನೊಂದು. ಕಲ್ಯಾಣ ಕರ್ನಾಟಕದ ಪೊಲೀಸ್ ಕಾಗದಗಳಲ್ಲಿ ‘ಇಂಥವನು ತಂದೆ ಇಂಥವನು’ ಅಂತ ಬರೆಯುವುದು ರೂಢಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ ಅಡ್ಡಹೆಸರಾಗಿ ಕೂತಿರುತ್ತದೆ, ಅಕ್ಷರಗಳೂ ಬೇರೆ ಇರುತ್ತವೆ. ಗುರುತು ಪಕ್ಕಾ ಆಗದಿದ್ದರೆ ಬೇರೆಲ್ಲ ವ್ಯರ್ಥ. ಬೆರಳಚ್ಚು, ಪಾಸ್‌ಪೋರ್ಟ್ ನಂಬರು, ಆರೋಪಿಯನ್ನು ಬಲ್ಲ ಸಾಕ್ಷಿ ಫೋಟೊ ಗುರುತಿಸಿದ ಹೇಳಿಕೆ ಈ ಮೂರೂ ಸೇರಿದರೆ ಆ ಬಾಗಿಲು ಮುಚ್ಚಿದಂತೆ.

ರಾಜಕೀಯ ಅಪರಾಧದ ವಾದಕ್ಕೆ ನಾವೇ ದಾರಿ ಮಾಡಿಕೊಡುವುದು ಕಲಂ ಹಾಕುವಾಗ. ಸಿಟ್ಟಿನ ಭರದಲ್ಲಿ ಕೊಲೆ, ಸ್ಫೋಟದ ಜೊತೆ ರಾಜದ್ರೋಹದಂಥ ಕಲಮುಗಳನ್ನೂ, ನಿಷೇಧಿತ ಸಂಘಟನೆಯ ಸದಸ್ಯತ್ವವನ್ನೂ ಪೇರಿಸುತ್ತಾರೆ. ಆ ದೇಶದಲ್ಲಿ ಆ ಸಂಘಟನೆ ನಿಷೇಧವಾಗಿರದಿದ್ದರೆ ಬರೀ ಸದಸ್ಯತ್ವ ಅಲ್ಲಿ ಅಪರಾಧವೇ ಅಲ್ಲ, ಕೃತ್ಯ ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕೆಂಬ ಉಭಯ ಅಪರಾಧದ ನಿಯಮದಲ್ಲಿ ಅದು ಬಿದ್ದುಹೋಗುತ್ತದೆ. ಬೀಳುವಾಗ ‘ನೋಡಿ, ಇವರಿಗೆ ಬೇಕಾದದ್ದು ಅವನ ಅಭಿಪ್ರಾಯ’ ಎಂಬ ವಾದಕ್ಕೆ ಜೀವ ಕೊಟ್ಟು ಬೀಳುತ್ತದೆ. ದೇಶದ ವಿರುದ್ಧ ಯುದ್ಧ ಹೂಡಿದ ಕಲಂ ಯಾವತ್ತೂ ನಡೆಯುವುದಿಲ್ಲ ಎಂದಲ್ಲ. ರಾಣಾ ಪ್ರಕರಣದಲ್ಲಿ ಅದು ಇತ್ತು, ಆದರೆ ಕೊಲೆ, ಭಯೋತ್ಪಾದನಾ ಕೃತ್ಯ, ನಕಲಿ ದಾಖಲೆಯ ಆರೋಪಗಳ ಜೊತೆ ಇತ್ತು. ಒಪ್ಪಂದದ ಪಠ್ಯವನ್ನೂ ಓದಿಕೊಳ್ಳಬೇಕು. 1997ರ ಭಾರತ–ಅಮೆರಿಕ ಒಪ್ಪಂದದ 4ನೇ ವಿಧಿಯ ಪಟ್ಟಿಯಲ್ಲಿ ರಾಷ್ಟ್ರ ಮುಖ್ಯಸ್ಥರ ಕೊಲೆ, ವಿಮಾನ ಅಪಹರಣ, ಒತ್ತೆಯಾಳು, ಬಹುಪಕ್ಷೀಯ ಒಪ್ಪಂದದಡಿ ಬರುವ ಅಪರಾಧಗಳು ಇವೆ, ನಮ್ಮ ಅನುಸೂಚಿಯಂತೆ ಸಾಮಾನ್ಯ ಕೊಲೆ ನೇರವಾಗಿ ಇಲ್ಲ. ಅಲ್ಲಿ ಬಾಂಬ್ ಒಪ್ಪಂದವನ್ನು ಹೆಸರಿಸಿಯೇ ಕೇಳಬೇಕು.

ರಾಣಾ ಹೋರಾಡಿದ್ದು ಮುಖ್ಯವಾಗಿ ಆ ಒಪ್ಪಂದದ 6ನೇ ವಿಧಿಯ ಮೇಲೆ: ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದು. ಮುಂಬೈ ದಾಳಿಗೆ ನೆರವಾದ ಆರೋಪದಿಂದ 2011ರಲ್ಲಿ ಷಿಕಾಗೋ ಜ್ಯೂರಿ ಅವನನ್ನು ಬಿಟ್ಟಿತ್ತು. ‘ಅಪರಾಧ’ ಅಂದರೆ ಕೃತ್ಯವೋ, ಕಲಮಿನ ಘಟಕಾಂಶಗಳೋ (ಅದರಡಿ ಸಾಬೀತು ಮಾಡಬೇಕಾದ ಅಂಶಗಳೋ) ಎಂಬುದು ಪ್ರಶ್ನೆ. ಅಪರಾಧ ಅಂದರೆ ಘಟಕಾಂಶಗಳೇ, ಭಾರತದ ಆರೋಪಗಳ ಘಟಕಾಂಶಗಳು ಬೇರೆ ಎಂದು 2024ರ ಆಗಸ್ಟ್ 15ರಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. 2025ರ ಜನವರಿ 21ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿತು.

ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 1995ರ ಡಿಸೆಂಬರಿನಲ್ಲಿ ವಿಮಾನದಿಂದ ಶಸ್ತ್ರಾಸ್ತ್ರ ಸುರಿದ ಪ್ರಕರಣದ ಆರೋಪಿ, ಡೆನ್ಮಾರ್ಕಿನ ಕಿಮ್ ಡೇವಿಯ ವಿಷಯದಲ್ಲಿ ನಾವು ಸೋತದ್ದೂ ರಾಜಕೀಯ ಅಪರಾಧದ ವಾದಕ್ಕಲ್ಲ. ಡೆನ್ಮಾರ್ಕ್ ಸರ್ಕಾರ 2010ರಲ್ಲಿ ಒಪ್ಪಿತ್ತು. ಭಾರತದಲ್ಲಿ ಚಿತ್ರಹಿಂಸೆ ಆಗುವ ಅಪಾಯವಿದೆ ಎಂದು ಅಲ್ಲಿನ ಹೈಕೋರ್ಟ್ 2011ರಲ್ಲಿ ತಡೆಯಿತು, 2024ರ ಆಗಸ್ಟಿನಲ್ಲಿ ಕೆಳಕೋರ್ಟ್ ಮತ್ತೆ ನಿರಾಕರಿಸಿತು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿದೆ, ಅನುಮೋದಿಸಿಲ್ಲ. ಇಂಥ ಕೇಸುಗಳಲ್ಲಿ ಎದುರು ಪಕ್ಷದ ವಕೀಲರು ಇದನ್ನು ಎತ್ತುತ್ತಾರೆ. ಭಯೋತ್ಪಾದಕರನ್ನು ತರಬೇಕೆಂದು ನಿಜವಾಗಿ ಬಯಸುವವರು ಮೊದಲು ಕೇಳಬೇಕಾದದ್ದು ಆ ಅನುಮೋದನೆಯನ್ನು ಎಂದು ನಾನು ನಂಬುತ್ತೇನೆ.

ಕರೆತಂದ ಮೇಲೂ ನಮ್ಮ ಕೈ ಕಟ್ಟಿಯೇ ಇರುತ್ತದೆ. ಹಸ್ತಾಂತರ ಕಾಯ್ದೆಯ 21ನೇ ಕಲಂ ಪ್ರಕಾರ ಯಾವ ಅಪರಾಧಕ್ಕೆ ಒಪ್ಪಿಸಿದರೋ ಅದಕ್ಕೆ, ಅದೇ ಸಂಗತಿಗಳಿಂದ ಹೊರಡುವ ಚಿಕ್ಕ ಅಪರಾಧಕ್ಕೆ, ಅಥವಾ ಆ ದೇಶ ಒಪ್ಪಿಗೆ ಕೊಟ್ಟ ಅಪರಾಧಕ್ಕೆ ಮಾತ್ರ ವಿಚಾರಣೆ. ದಯಾ ಸಿಂಗ್ ಲಾಹೋರಿಯಾ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. 1993ರ ಮುಂಬೈ ಸ್ಫೋಟ ಪ್ರಕರಣದ ಅಬು ಸಲೇಂನನ್ನು 2005ರ ನವೆಂಬರಿನಲ್ಲಿ ಪೋರ್ಚುಗಲ್ ಒಪ್ಪಿಸಿದ್ದು, ಮರಣದಂಡನೆ ಇಲ್ಲ, 25 ವರ್ಷ ಮೀರಿದ ಸೆರೆ ಇಲ್ಲ ಎಂದು 2002ರ ಡಿಸೆಂಬರ್ 17ರಂದು ಭಾರತ ಕೊಟ್ಟ ಮಾತಿನ ಮೇಲೆ. ಆಮೇಲೆ ಹೆಚ್ಚುವರಿ ಆರೋಪ ಸೇರಿಸಿದ್ದಕ್ಕೆ ಲಿಸ್ಬನ್ ಕೋರ್ಟು 2011ರಲ್ಲಿ ಮಾತು ತಪ್ಪಿದ್ದೀರಿ ಎಂದಿತು. 2013ರಲ್ಲಿ ಕೆಲವು ಆರೋಪಗಳನ್ನು ಕೈಬಿಡಬೇಕಾಯಿತು. ಜೀವಾವಧಿ ಶಿಕ್ಷೆ ಆದರೂ 2005ರ ಅಕ್ಟೋಬರ್ 12ರಿಂದ ಎಣಿಸಿ 25 ವರ್ಷಕ್ಕೆ ಬಿಡುಗಡೆಯ ದಾರಿ ಮಾಡಬೇಕು ಎಂದು ನಮ್ಮ ಸುಪ್ರೀಂ ಕೋರ್ಟೇ 2022ರ ಜುಲೈ 11ರಂದು ಹೇಳಿತು. ಮರಣದಂಡನೆಗೆ ಮಾತ್ರ ಕಾಯ್ದೆಯಲ್ಲೇ 34ಸಿ ಇದೆ: ಆ ದೇಶದಲ್ಲಿ ಆ ಅಪರಾಧಕ್ಕೆ ಮರಣದಂಡನೆ ಇಲ್ಲದಿದ್ದರೆ ಇಲ್ಲಿ ಜೀವಾವಧಿಯಷ್ಟೇ.

ಈಗ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 356ನೇ ಕಲಂ ಘೋಷಿತ ಅಪರಾಧಿಯ ಗೈರಿನಲ್ಲೇ ವಿಚಾರಣೆ ಮುಗಿಸಲು ಅವಕಾಶ ಕೊಟ್ಟಿದೆ. ಆರೋಪ ರೂಪಿಸಿ 90 ದಿನವಾದ ಮೇಲೆ ಶುರುಮಾಡಬಹುದು. ಆರೋಪಿ ವಿದೇಶದಲ್ಲಿದ್ದರೆ ಅವಸರ ಬೇಡ. ಬ್ರಿಟನ್ನಿನಂಥ ಕಡೆ ಗೈರಿನಲ್ಲಿ ಶಿಕ್ಷೆಯಾದವನನ್ನು ಕೇಳಿದರೆ, ಬೇಕೆಂದೇ ತಪ್ಪಿಸಿಕೊಂಡನೇ, ಬಂದ ಮೇಲೆ ಮರುವಿಚಾರಣೆ ಸಿಗುತ್ತದೆಯೇ ಎಂದು ಕೋರ್ಟು ಕೇಳುತ್ತದೆ. ನಮ್ಮ ಕಲಮಿನಲ್ಲಿರುವುದು ಮೂರು ವರ್ಷದ ಮಿತಿಯ, ಖುದ್ದು ಹಾಜರಾದರೆ ಮಾತ್ರ ಸಿಗುವ ಮೇಲ್ಮನವಿ.

ಕೊನೆಯದಾಗಿ, ಬೇರೆ ದೇಶ ನಮ್ಮಲ್ಲಿರುವವನನ್ನು ಕೇಳಿದಾಗ. ಕೋರಿಕೆ ದೆಹಲಿಗೆ ಬರುತ್ತದೆ, ಹಸ್ತಾಂತರ ಕಾಯ್ದೆಯ 5ನೇ ಕಲಮಿನಡಿ ಕೇಂದ್ರ ಸರ್ಕಾರ ಮ್ಯಾಜಿಸ್ಟ್ರೇಟರ ವಿಚಾರಣೆಗೆ ಆದೇಶಿಸುತ್ತದೆ. ಸಾಮಾನ್ಯವಾಗಿ ಅದು ದೆಹಲಿಯ ಕೋರ್ಟಿಗೇ ಹೋಗುತ್ತದೆ, ಗಂಗಾವತಿಯಲ್ಲಿ ಸಿಕ್ಕವನನ್ನೂ ಅಲ್ಲಿಗೆ ಒಯ್ಯುತ್ತಾರೆ. ಕೋರಿಕೆ ಬರುವ ಮೊದಲೇ 34ಬಿ ಅಡಿ ತಾತ್ಕಾಲಿಕವಾಗಿ ಹಿಡಿದಿದ್ದರೆ 60 ದಿನದೊಳಗೆ ಕೋರಿಕೆ ಬರಬೇಕು, ಇಲ್ಲವಾದರೆ ಬಿಡುಗಡೆ. ಮ್ಯಾಜಿಸ್ಟ್ರೇಟರು ಅಪರಾಧ ಸಾಬೀತಾಯಿತೇ ಎಂದು ನೋಡುವುದಿಲ್ಲ, ಮೇಲ್ನೋಟಕ್ಕೆ ಕೇಸಿದೆಯೇ ಎಂದಷ್ಟೇ ನೋಡುತ್ತಾರೆ. ರಾಜಕೀಯ ಸ್ವರೂಪದ ಅಪರಾಧ ಎಂದು ತೋರಿಸುವ ಸಾಕ್ಷ್ಯವನ್ನು 7(2)ರ ಪ್ರಕಾರ ಅವರು ತೆಗೆದುಕೊಳ್ಳಲೇಬೇಕು. ಆ ಸಾಕ್ಷ್ಯವನ್ನು ಅಲ್ಲೇ ದಾಖಲೆಗೆ ಸೇರಿಸಬೇಕು, ಹೈಕೋರ್ಟಿನಲ್ಲಿ ಹೇಳೋಣ ಎಂದು ಇಟ್ಟುಕೊಂಡರೆ ತಡವಾಗುತ್ತದೆ. ಸೆರೆಗೆ ಕಳಿಸುವ ಆದೇಶವಾದ ದಿನದಿಂದ 15 ದಿನ ಮುಗಿಯುವವರೆಗೆ ಒಪ್ಪಿಸುವಂತಿಲ್ಲ. ಹೈಕೋರ್ಟಿಗೆ ರಿಟ್ ಹಾಕುವುದು ಆ 15 ದಿನದೊಳಗೆ. ಎರಡು ತಿಂಗಳಾದರೂ ದೇಶದ ಹೊರಗೆ ಒಯ್ಯದಿದ್ದರೆ 24ನೇ ಕಲಮಿನಡಿ ಕೇಂದ್ರಕ್ಕೆ ನೋಟಿಸು ಕೊಟ್ಟು ಹೈಕೋರ್ಟಿನಲ್ಲಿ ಬಿಡುಗಡೆ ಕೇಳಬಹುದು, ತಡಕ್ಕೆ ಸಾಕಷ್ಟು ಕಾರಣ ತೋರಿಸುವ ಹೊಣೆ ಆಗ ಸರ್ಕಾರದ್ದು.